ಏಳನೇ ತಾರೀಖು



ನಾನು ಮೂವತ್ತೆಂಟು ವರ್ಷ ಬೇರೆಯವರ ವ್ಯಾಪಾರದ ಲೆಕ್ಕ ಬರೆದವಳು. ಹಲಸೂರು, ಶಿವಾಜಿನಗರ, ಇಂದಿರಾನಗರದ ಅಂಗಡಿಗಳು, ಆಮೇಲೆ ಕೆ.ಆರ್. ಪುರದ ಕಡೆಯ ಸಣ್ಣ ಕಾರ್ಖಾನೆಗಳು, ಹೀಗೆ ಬೆಂಗಳೂರಿನ ಪೂರ್ವ ದಿಕ್ಕಿನಲ್ಲೇ ನನ್ನ ಓಡಾಟ. ದಿನಕ್ಕೆ ಎರಡು ಮೂರು ಕಡೆ ಹೋಗುವುದು, ಕಿರ್ದಿ ಖಾತೆ ಬರೆಯುವುದು, ಬ್ಯಾಂಕಿನ ಪಾಸ್‌ಬುಕ್ ತಾಳೆ ನೋಡುವುದು, ತೆರಿಗೆಯ ಕಾಗದ ಸಿದ್ಧ ಮಾಡಿಕೊಟ್ಟು ಬರುವುದು, ಇದು ಕೆಲಸ. ಯಜಮಾನರ ಮಾತನ್ನು ಎಲ್ಲರೂ ಕೇಳುತ್ತಾರೆ. ಲೆಕ್ಕ ಬರೆಯುವವರಿಗೆ ಅವರ ನಡತೆ ಕಾಣುತ್ತದೆ, ಅದೂ ತಾರೀಖಿನ ಸಮೇತ.

ಮೊದಲು ಸೇರಿದ್ದು 1984ರಲ್ಲಿ, ಹಲಸೂರು ಬಜಾರ್ ಬೀದಿಯ ಒಂದು ಹಾರ್ಡ್‌ವೇರ್ ಅಂಗಡಿಗೆ. ಮೊಳೆ, ತಿರುಪು, ಬೀಗ, ಚಿಲಕ, ಬಣ್ಣದ ಡಬ್ಬ, ಹಗ್ಗ ಮಾರುವ ಅಂಗಡಿ. ಕೆಲಸಕ್ಕೆ ಒಂಬತ್ತು ಜನ. ಯಜಮಾನರು ಮನೆಯಲ್ಲಿ ತೆಲುಗು, ಗಿರಾಕಿಗಳ ಜೊತೆ ತಮಿಳು, ನನ್ನ ಜೊತೆ ಕನ್ನಡ ಆಡುತ್ತಿದ್ದರು. ಹಲಸೂರಿನಲ್ಲಿ ಅದು ಯಾರಿಗೂ ವಿಶೇಷವೆನಿಸುವುದಿಲ್ಲ. ಅಂಗಡಿಯ ಲೆಕ್ಕ ಬರೆಯುವ ಕ್ರಮ ಗೊತ್ತಾಗಲಿ ಎಂದು ಹಳೆಯ ಕಿರ್ದಿ ಪುಸ್ತಕಗಳನ್ನು ಕಪಾಟಿನಿಂದ ತೆಗೆಸಿ ನನ್ನ ಮುಂದಿಟ್ಟರು. ಕೆಂಪು ಬಟ್ಟೆಯ ರಟ್ಟು ಹಾಕಿದ್ದ, ಹನ್ನೊಂದು ವರ್ಷದ ಪುಸ್ತಕಗಳು. ಎರಡು ದಿನ ಕೂತು ಪುಟ ತಿರುವಿದೆ. ಪ್ರತಿ ತಿಂಗಳ ಏಳನೇ ತಾರೀಖಿನ ಪುಟದಲ್ಲಿ ಮೊದಲ ಖರ್ಚು ಸಂಬಳ. ಏಳು ಭಾನುವಾರ ಬಂದರೆ ಆರನೇ ತಾರೀಖು. ಹನ್ನೊಂದು ವರ್ಷಕ್ಕೆ 132 ತಿಂಗಳು, ಒಂದೂ ತಪ್ಪಿರಲಿಲ್ಲ. ಒಂದು ತಿಂಗಳಲ್ಲಿ ಮಾತ್ರ ಅದೇ ದಿನ ಜಮೆಯ ಕಡೆ ‘ಕೈಗಡ’ ಎಂದು ಬರೆದಿತ್ತು. ಪಕ್ಕದ ಜವಳಿ ಅಂಗಡಿಯಿಂದ ತಂದ ದುಡ್ಡು.

“ಎರಡು ದಿನ ತಡೆದಿದ್ದರೆ ನಮಗೆ ಬರಬೇಕಾದ ಬಾಕಿ ಬಂದುಬಿಡುತ್ತಿತ್ತಲ್ಲ ಸಾರ್, ಕೈಗಡ ಯಾಕೆ ತಂದಿರಿ?” ಎಂದು ಕೇಳಿದೆ. ಆಗ ನನಗೆ ಇಪ್ಪತ್ತೊಂದು ವರ್ಷ, ಕೇಳಿಬಿಡುವ ಧೈರ್ಯವಿತ್ತು.

“ನಮ್ಮ ಹಮಾಲಿ ಮನೆ ಬಾಡಿಗೆ ಕಟ್ಟೋದು ಎಂಟನೇ ತಾರೀಖು ಕಣಮ್ಮಾ. ಅವನು ಮನೆ ಓನರ್‌ಗೆ ಏನು ಹೇಳಬೇಕು? ನಮ್ಮ ಯಜಮಾನರಿಗೆ ಬಾಕಿ ಬಂದಿಲ್ಲ ಅಂತಲೇ?”

ವ್ಯಾಪಾರದ ಮುಂದಾಳುಗಳ ಸ್ಥಿರತೆಯ ಬಗ್ಗೆ ಇವತ್ತು ನಾನು ಹೇಳಬೇಕಾದದ್ದೆಲ್ಲ ಆ ಒಂದು ಮಾತಿನಿಂದ ಹುಟ್ಟಿದ್ದು. ಯಜಮಾನನ ಏಳನೇ ತಾರೀಖಿನ ಮೇಲೆ ಇನ್ನೊಬ್ಬನ ಎಂಟನೇ ತಾರೀಖು ನಿಂತಿರುತ್ತದೆ. ಎಂಟರ ಮೇಲೆ ಆ ಮನೆಯೊಡೆಯನ ಹತ್ತು, ಹತ್ತರ ಮೇಲೆ ಇನ್ನಾರದೋ ಶಾಲೆಯ ಫೀಸು. ಮೇಲೆ ಕೂತವನು ಒಂದು ಸಲ ಜಾರಿದರೆ ಕೆಳಗೆ ಎಷ್ಟು ಜನ ಜಾರುತ್ತಾರೆ ಎಂಬುದು ಅವನಿಗೆ ತಿಳಿಯುವುದೂ ಇಲ್ಲ. ಕಾರ್ಖಾನೆಗಳಿಗೆ ಇದನ್ನು ಕಾನೂನೇ ಹೇಳಿತ್ತು. 1936ರ ವೇತನ ಪಾವತಿ ಕಾಯಿದೆಯ ಪ್ರಕಾರ ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ ತಿಂಗಳು ಮುಗಿದ ಏಳು ದಿನದೊಳಗೆ, ಅದಕ್ಕಿಂತ ದೊಡ್ಡ ಕಡೆ ಹತ್ತು ದಿನದೊಳಗೆ ಸಂಬಳ ಕೈಸೇರಬೇಕಿತ್ತು. ಹಲಸೂರಿನ ನಮ್ಮ ಯಜಮಾನರು ಆ ಕಾಯಿದೆಯನ್ನು ಓದಿದ್ದರೋ ಇಲ್ಲವೋ, ಹಮಾಲಿಯ ಮನೆ ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು.

ಇದೇ ಸ್ಥಿರತೆಯನ್ನು ನಾನು ಕಂಡ ಇನ್ನೊಂದು ಜಾಗ ಶಿವಾಜಿನಗರದ ರಸೆಲ್ ಮಾರ್ಕೆಟ್. ಅಲ್ಲಿಗೆ ಹೋಗದವರು ಈ ಭಾಗದಲ್ಲಿ ಕಡಿಮೆ. 1927ರಲ್ಲಿ ಕಟ್ಟಿದ್ದು. 1933ರಲ್ಲಿ ಅದನ್ನು ವಿಧ್ಯುಕ್ತವಾಗಿ ತೆರೆದವರು ದಂಡು ಪ್ರದೇಶದ ದೊಡ್ಡ ವರ್ತಕರಾಗಿದ್ದ ಹಾಜಿ ಸರ್ ಇಸ್ಮಾಯಿಲ್ ಸೇಠ್, ಗೋಷಾ ಆಸ್ಪತ್ರೆ ಕಟ್ಟಿಸಿದವರು ಅವರೇ. ಅಲ್ಲಿ ಒಬ್ಬ ಹಣ್ಣಿನ ವ್ಯಾಪಾರಿಯ ಲೆಕ್ಕ ನಾನು ಕೆಲವು ವರ್ಷ ನೋಡಿದೆ. ಭಾಯ್ ಎಂದೇ ಎಲ್ಲರೂ ಕರೆಯುತ್ತಿದ್ದರು. ಅವರ ಅಂಗಡಿಯಲ್ಲಿ ಗಿರಾಕಿ ಹಣ್ಣು ಮುಟ್ಟಿ ಆರಿಸುವಂತಿರಲಿಲ್ಲ. ಆರಿಸಿ ಕೊಡುವುದು ಭಾಯ್‌ ಅವರ ಕೆಲಸ. ಇದು ಕೇಳಲು ಮೊಂಡುತನದಂತೆ ಕಾಣುತ್ತದೆ. ಆದರೆ ನಾನು ನೋಡಿದ ಒಂದು ದಿನವೂ ಅವರು ಬುಟ್ಟಿಯ ತಳದಲ್ಲಿ ಪೆಟ್ಟುಬಿದ್ದ ಸಪೋಟ ಸೇರಿಸಿ ಕೊಟ್ಟಿಲ್ಲ. ಪೆಟ್ಟುಬಿದ್ದದ್ದು ಬೇರೆ ಗುಡ್ಡೆ, ಬೇರೆ ಬೆಲೆ, ಜ್ಯೂಸ್ ಅಂಗಡಿಗೆ ಹೋಗುವಂಥದ್ದು. ಮಕ್ಕಳ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದರೂ ಅದೇ ಹಣ್ಣು, ಬಂಗಲೆಯ ಡ್ರೈವರ್ ಬಂದರೂ ಅದೇ ಹಣ್ಣು. ರಂಜಾನ್ ತಿಂಗಳಲ್ಲಿ ಖರ್ಜೂರಕ್ಕೆ ಬೇಡಿಕೆ ಏರಿದಾಗ ಬೆಲೆ ಏರಿಸುತ್ತಿದ್ದರು, ಮುಚ್ಚುಮರೆ ಇರಲಿಲ್ಲ. ಬೆಳಗ್ಗೆ ಹೇಳಿದ ಬೆಲೆ ರಾತ್ರಿಯವರೆಗೆ ಎಲ್ಲರಿಗೂ ಒಂದೇ. ಸ್ಥಿರತೆ ಎಂದರೆ ಬೆಲೆ ಎಂದೂ ಬದಲಾಗದಿರುವುದು ಎಂದು ಕೆಲವರು ತಿಳಿಯುತ್ತಾರೆ. ಮಂಡಿಯ ದರ ದಿನಕ್ಕೊಂದು ಇರುವಾಗ ಅದು ಯಾರಿಂದ ಸಾಧ್ಯ? ಎದುರಿಗೆ ನಿಂತ ಮುಖ ನೋಡಿ ಬೆಲೆ ಬದಲಿಸದಿರುವುದು ಮಾತ್ರ ಸಾಧ್ಯ.

2012ರ ಫೆಬ್ರವರಿಯಲ್ಲಿ ರಸೆಲ್ ಮಾರ್ಕೆಟ್ಟಿಗೆ ಬೆಂಕಿ ಬಿತ್ತು. ನೂರಕ್ಕೂ ಹೆಚ್ಚು ಮಳಿಗೆಗಳಿಗೆ ಹಾನಿಯಾಯಿತು. ಸುಟ್ಟ ವಾಸನೆ ಇನ್ನೂ ಹೋಗದಿದ್ದಾಗಲೇ ವ್ಯಾಪಾರಿಗಳು ಮತ್ತೆ ಕೂತರು. ಭಾಯ್‌ ಅವರ ಹಳೆಯ ಗಿರಾಕಿಗಳು ಅವರನ್ನು ಹುಡುಕಿಕೊಂಡು ಬಂದದ್ದನ್ನು ನಾನು ಕಂಡೆ. ತಕ್ಕಡಿಯೂ ಇರಲಿಲ್ಲ, ಪಕ್ಕದವರದನ್ನು ಎರವಲು ತಂದಿದ್ದರು. ಯಾರೂ ಮುಳ್ಳು ನೋಡಲಿಲ್ಲ.

ಇನ್ನು ಚರ್ಚ್ ಸ್ಟ್ರೀಟ್. ಪ್ರೀಮಿಯರ್ ಬುಕ್‌ಶಾಪ್ ಎಂದರೆ ಕೇಳುಗರಲ್ಲಿ ಹಲವರಿಗೆ ಈಗಲೂ ಎದೆ ತುಂಬಿಬರಬಹುದು. ಟಿ.ಎಸ್. ಶಾನಭಾಗರು 1971ರಲ್ಲಿ ತೆರೆದ ಅಂಗಡಿ, 2009ರಲ್ಲಿ ಮುಚ್ಚಿತು. ಅವರು ಪುಸ್ತಕ ವ್ಯಾಪಾರ ಕಲಿತದ್ದು ಮುಂಬಯಿಯಲ್ಲಿ, ಸಂಬಂಧಿಕರಾದ ಟಿ.ಎನ್. ಶಾನಭಾಗರ ಸ್ಟ್ರ್ಯಾಂಡ್ ಬುಕ್ ಸ್ಟಾಲ್‌ನಲ್ಲಿ. 1948ರಲ್ಲಿ ಒಂದು ಚಿತ್ರಮಂದಿರದೊಳಗಿನ ಪುಟ್ಟ ಮಳಿಗೆಯಾಗಿ ಶುರುವಾಗಿ, ರಿಯಾಯಿತಿ ದರಕ್ಕೆ ಹೆಸರಾದದ್ದು ಆ ಸ್ಟ್ರ್ಯಾಂಡ್.

ಪ್ರೀಮಿಯರ್ ಒಳಗೆ ಪುಸ್ತಕಗಳು ನೆಲದಿಂದ ತಲೆಯೆತ್ತರದವರೆಗೆ ಗೋಪುರದಂತೆ ಪೇರಿಸಿದ್ದವು. ನಡುವೆ ಒಬ್ಬರು ನಡೆಯುವಷ್ಟು ಸಂದಿ. ಎದುರಿನಿಂದ ಇನ್ನೊಬ್ಬರು ಬಂದರೆ ಯಾರಾದರೂ ಹಿಂದೆ ಸರಿಯಬೇಕು. ಹೊಸಬರಿಗೆ ಅದು ಗೊಂದಲ. ಶಾನಭಾಗರಿಗೆ ಮಾತ್ರ ಯಾವ ಪುಸ್ತಕ ಯಾವ ರಾಶಿಯಲ್ಲಿ ಎಷ್ಟನೆಯದು ಎಂದು ಗೊತ್ತು. ಬಾಗಿಲ ಬಳಿ ಚಿಕ್ಕ ಮೇಜಿನ ಹಿಂದೆ ಕೂತಿರುತ್ತಿದ್ದರು, ಮಾತು ಕಡಿಮೆ. ನಾನು ಮಗಳಿಗೆ ನಿಘಂಟು ಕೊಳ್ಳಲು ಮೊದಲ ಸಲ ಹೋದಾಗ ಅದರ ಹಿಂಬದಿಯ ಬೆಲೆಯನ್ನು ಮನಸ್ಸಿನಲ್ಲೇ ಎಣಿಸಿ ಪರ್ಸ್ ತೆಗೆದಿದ್ದೆ. ಅವರು ಚೀಟಿಯಲ್ಲಿ ಲೆಕ್ಕ ಹಾಕಿ ಅದಕ್ಕಿಂತ ಕಡಿಮೆ ಮೊತ್ತ ಹೇಳಿದರು. ನಾನು ಕೇಳಿರಲಿಲ್ಲ. ಆಮೇಲೆ ತಿಳಿಯಿತು, ಯಾರೂ ಕೇಳಬೇಕಿರಲಿಲ್ಲ ಎಂದು. ಗಿರೀಶ ಕಾರ್ನಾಡರು, ರಾಮಚಂದ್ರ ಗುಹಾ ಅವರಂಥವರು ಆ ಅಂಗಡಿಯ ಒಕ್ಕಲು. ಚೌಕಾಸಿ ಮಾಡಲು ಬಾರದ ನನ್ನಂಥವಳಿಗೂ ಕೇಳದೆಯೇ ರಿಯಾಯಿತಿ ಸಿಕ್ಕಿತು.

ಲೆಕ್ಕ ಬರೆಯುವವಳಾಗಿ ನನಗೆ ಇದರಲ್ಲಿ ಕಾಣುವ ಬೆಲೆ ಬೇರೆಯದೇ. ಚೌಕಾಸಿ ಇರುವ ಅಂಗಡಿಯಲ್ಲಿ ಗಿರಾಕಿಯ ಅರ್ಧ ಬುದ್ಧಿ ಮೋಸ ಹೋಗದಿರುವುದಕ್ಕೇ ಖರ್ಚಾಗುತ್ತದೆ. ಕೊಂಡಾದ ಮೇಲೂ ಮನೆಗೆ ಹೋಗುವವರೆಗೆ ಅನುಮಾನ ಬಿಡುವುದಿಲ್ಲ. ಪ್ರೀಮಿಯರ್‌ನಲ್ಲಿ ಆ ಭಾರ ಇರಲಿಲ್ಲ, ಪೂರ್ತಿ ಮನಸ್ಸು ಪುಸ್ತಕದ ಮೇಲೆ ಇಡಬಹುದಿತ್ತು. ಶಾನಭಾಗರು ಕಡಿಮೆ ಮಾಡಿದ ರೂಪಾಯಿಗಿಂತ ದೊಡ್ಡ ಉಪಕಾರ ಅದು. ಒಂದು ತಲೆಮಾರು ಆ ಅಂಗಡಿಯಲ್ಲಿ ಓದುಗರಾಗಿ ಬೆಳೆಯಿತು. 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಆ ಕೆಟ್ಟ ದಿನಗಳಲ್ಲಿ ಅವರು ತೀರಿಕೊಂಡಾಗ, ಅಂಗಡಿ ಮುಚ್ಚಿ ಹನ್ನೆರಡು ವರ್ಷ ಕಳೆದಿದ್ದರೂ ಊರಿಗೆ ಊರೇ ಅವರನ್ನು ನೆನೆದು ಬರೆಯಿತು. ದೊಡ್ಡ ಉದ್ಯಮಿಗಳನ್ನು ಬಿಟ್ಟು ಒಂದು ಕೋಣೆಯ ಅಂಗಡಿಯವರನ್ನು ಮುಂದಾಳು ಎನ್ನಬಹುದೇ ಎಂದು ಯಾರಾದರೂ ಕೇಳಿದರೆ, ಧಾರಾಳವಾಗಿ ಎನ್ನಬಹುದು ಎನ್ನುತ್ತೇನೆ. ತನ್ನ ಬೀದಿಯಲ್ಲಿ ವ್ಯಾಪಾರ ಹೇಗಿರಬೇಕು ಎಂದು ಮೂವತ್ತೆಂಟು ವರ್ಷ ತೋರಿಸಿದವರು ಅವರು.

ಈಗ ಇದರ ವಿರುದ್ಧದ್ದು. ಕೆ.ಆರ್. ಪುರದ ಆಚೆ ತಗಡಿನ ಪೆಟ್ಟಿಗೆ ಮಾಡುವ ಒಂದು ಕಾರ್ಖಾನೆಯಲ್ಲಿ ವಾರಕ್ಕೆ ಮೂರು ದಿನ ಲೆಕ್ಕ ಬರೆಯುತ್ತಿದ್ದೆ. ವಿದ್ಯುತ್ ಮೀಟರು, ಸ್ವಿಚ್ಚು ಕೂರಿಸುವ ಪೆಟ್ಟಿಗೆಗಳು. ಮಾಲೀಕರು ದುಡಿಮೆಗಾರರು, ಮನಸ್ಸೂ ಒಳ್ಳೆಯದು. ಕೆಲಸದವನ ಮಗು ಆಸ್ಪತ್ರೆಗೆ ಸೇರಿದರೆ ಜೇಬಿನಲ್ಲಿದ್ದಷ್ಟನ್ನೂ ಕೊಟ್ಟುಬಿಡುವವರು. ಆದರೆ ಅವರ ಮಾತಿಗೆ ಎರಡು ದಿನಕ್ಕಿಂತ ಹೆಚ್ಚು ಆಯುಸ್ಸಿರಲಿಲ್ಲ. ಸೋಮವಾರ, ಇನ್ನು ಯಾರಿಗೂ ಉದ್ರಿ ಇಲ್ಲ ಎಂದು ಬೋರ್ಡ್ ಬರೆಸುವರು. ಬುಧವಾರ ಗೆಳೆಯರೊಬ್ಬರು ಬಂದರೆ ಆ ಬೋರ್ಡಿನ ಕೆಳಗೇ ನಿಂತು ಉದ್ರಿಗೆ ಒಪ್ಪುವರು. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕಟ್ ಎನ್ನುವರು. ತಿಂಗಳ ಕೊನೆಗೆ ಯಾರೋ ಬೇಡಿಕೊಂಡರೆ ಅವರೊಬ್ಬರಿಗೆ ಮಾಫಿ. ಒಂದೇ ಪೆಟ್ಟಿಗೆಗೆ ಮೂವರು ಗಿರಾಕಿಗಳಿಗೆ ಮೂರು ದರ ಬರೆದುಕೊಟ್ಟಿದ್ದರು. ಆ ಮೂವರೂ ಒಂದು ಮದುವೆಯ ಊಟದಲ್ಲಿ ಭೇಟಿಯಾದರು. ಇಬ್ಬರು ಮತ್ತೆ ಬರಲಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ನನ್ನ ಪುಸ್ತಕದಲ್ಲಿ ಬಹಳ ದಿನ ಕಾಣಿಸಲಿಲ್ಲ. ಅಲ್ಲಿನ ಸೂಪರ್‌ವೈಸರ್‌ಗಳು ತಮ್ಮತಮ್ಮಲ್ಲೇ ಒಂದು ಒಪ್ಪಂದಕ್ಕೆ ಬಂದಿದ್ದರು. ಯಜಮಾನರು ಏನೇ ಹೇಳಲಿ, ಹ್ಞೂಂ ಎನ್ನುವುದು, ಮೂರನೇ ದಿನದವರೆಗೆ ಏನೂ ಮಾಡದಿರುವುದು. ಮೂರನೇ ದಿನವೂ ಅದನ್ನೇ ಹೇಳಿದರೆ ಆಗ ನೋಡೋಣ. ಅವರನ್ನು ತಪ್ಪು ಎನ್ನಲಾರೆ. ಎಷ್ಟೋ ಸಲ ಮಾಡಿದ ಕೆಲಸವನ್ನು ಬಿಚ್ಚಿ ಮತ್ತೆ ಮಾಡಿ ದಣಿದವರು. ಒಂದು ಮಳೆಗಾಲ, ಬಣ್ಣ ಸರಿಯಾಗಿ ಒಣಗುತ್ತಿಲ್ಲ, ಲಾರಿಗೆ ಹೇರುವ ಮೊದಲು ಪ್ರತಿಯೊಂದು ಪೆಟ್ಟಿಗೆಯನ್ನೂ ಕೈಯಿಟ್ಟು ನೋಡಿ ಎಂದು ಯಜಮಾನರು ಹೇಳಿದರು. ಸರಿಯಾದ ಮಾತು, ಸಮಯಕ್ಕೆ ಹೇಳಿದ ಮಾತು. ಎಲ್ಲರೂ ಹ್ಞೂಂ ಎಂದರು. ಎರಡನೇ ದಿನ ಲಾರಿ ಹೊರಟಿತು. ಮುಂದಿನ ವಾರ ಅಷ್ಟೂ ಪೆಟ್ಟಿಗೆ ಒಂದಕ್ಕೊಂದು ಅಂಟಿಕೊಂಡು ವಾಪಸ್ ಬಂದವು.

“ನನ್ನ ಮಾತನ್ನ ಇಲ್ಲಿ ಯಾರೂ ಯಾಕೆ ಕೇಳಲ್ಲ ಮೇಡಂ?” ಎಂದು ಅವರು ಅವತ್ತು ಸಂಜೆ ನನ್ನ ಮೇಜಿನ ಮುಂದೆ ಕೂತು ಕೇಳಿದರು. ಕಣ್ಣು ಒದ್ದೆಯಾಗಿತ್ತು. ಹಳೆಯ ಮಾತುಗಳನ್ನು ಅವರೇ ಅಳಿಸಿಹಾಕಿದ್ದರಿಂದ ಹೊಸ ಮಾತಿಗೆ ತೂಕ ಉಳಿದಿಲ್ಲ ಎಂದು ಆಗಲೇ ಹೇಳಬೇಕಿತ್ತು. ನನಗೆ ಬಾಯಿ ಬರಲಿಲ್ಲ. ಆ ಕೊರಗು ನನ್ನಲ್ಲಿ ಈಗಲೂ ಇದೆ.

ಹಾಗಾದರೆ ಹಿಡಿದದ್ದನ್ನು ಬಿಡದಿರುವುದೇ ಸ್ಥಿರತೆಯೇ? ಈ ಪ್ರಶ್ನೆಯನ್ನು ನಾನು ಹುಟ್ಟಿ ಬೆಳೆದ ಮನೆಯಿಂದಲೇ ಎತ್ತಿಕೊಳ್ಳಬೇಕು. ನನ್ನ ತಂದೆ ದೂರವಾಣಿನಗರದ ಐಟಿಐನಲ್ಲಿ ಕೆಲಸಕ್ಕಿದ್ದರು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1948ರಲ್ಲಿ ಆರಂಭವಾದದ್ದು, ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ವಲಯದ ಉದ್ದಿಮೆ. ತಂದೆಯವರ ಕೆಲಸ ಸ್ಟ್ರೌಜರ್ ಎಂಬ ಬಗೆಯ ದೂರವಾಣಿ ಎಕ್ಸ್‌ಚೇಂಜಿನ ರಿಲೇಗಳನ್ನು ಹದಕ್ಕೆ ತರುವುದು. ಎರಡು ತೆಳು ಪಟ್ಟಿಗಳ ನಡುವಿನ ಸಂದು ಎಷ್ಟಿರಬೇಕೋ ಅಷ್ಟೇ ಇರಬೇಕು. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೆ ಎಲ್ಲೋ ಯಾರಿಗೋ ರಾಂಗ್ ನಂಬರ್ ಹೋಗುತ್ತದೆ ಎನ್ನುತ್ತಿದ್ದರು. ಬೆಳಗಿನ ಮೊದಲ ರಿಲೇ ಹೇಗೋ ಸಂಜೆಯ ಕೊನೆಯ ರಿಲೇಯೂ ಹಾಗೆ. ಕೈಗೆ ಬಂದ ಆ ಹದ ಅವರ ನಡೆಯಲ್ಲೂ ಇತ್ತು.

ಕೆಲಸಗಾರರ ಕೈ ಅಷ್ಟು ನೆಚ್ಚಿಕೆಯದಾಗಿದ್ದರೂ ಐಟಿಐಗೆ ಕಷ್ಟದ ದಿನಗಳು ಬಂದವು. ಕಾರಣ ಬೇರೆ ಕಡೆ ಇತ್ತು. ಅದರ ದೊಡ್ಡ ಗಿರಾಕಿ ಒಬ್ಬರೇ, ಸರ್ಕಾರದ ಅಂಚೆ ತಂತಿ ಇಲಾಖೆ, ಮುಂದೆ ದೂರಸಂಪರ್ಕ ಇಲಾಖೆ. ಅರವತ್ತರ ದಶಕದಲ್ಲಿ ಬೆಲ್ಜಿಯಮ್ಮಿನ ಕಂಪನಿಯಿಂದ ತಂದ ಕ್ರಾಸ್‌ಬಾರ್ ವ್ಯವಸ್ಥೆ ಯೂರೋಪಿನ ದೂರವಾಣಿ ಬಳಕೆಗೆ ರೂಪಿಸಿದ್ದು. ಇಲ್ಲಿ ಫೋನ್ ಕಡಿಮೆ, ಒಂದೊಂದು ಫೋನಿನಿಂದ ಮಾತಾಡುವವರು ಹೆಚ್ಚು. ಆ ಹೊರೆಗೆ ಅದು ಏದುಸಿರು ಬಿಟ್ಟಿತು. 1991ರ ನಂತರ ಖಾಸಗಿಯವರಿಗೆ ಬಾಗಿಲು ತೆರೆದಾಗ, ಒಬ್ಬನೇ ಗಿರಾಕಿಯ ಮುಖ ನೋಡಿಕೊಂಡು ದಶಕಗಳನ್ನು ಕಳೆದ ಸಂಸ್ಥೆಗೆ ಬೀದಿಯ ವ್ಯಾಪಾರ ಹೊಸದಾಯಿತು. ನನಗೆ ಇದು ತೋರಿಸುವುದಿಷ್ಟು: ಕೈ ಒಂದೇ ಹದದಲ್ಲಿದ್ದರೆ ಸಾಲದು. ಯಾವುದನ್ನು ಹಿಡಿದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಮೇಲಿನವರು ಬೇಗ ಗುರುತಿಸಬೇಕು. ಬೈಯಪ್ಪನಹಳ್ಳಿಯಲ್ಲಿ ಮೋಟಾರು ಮಾಡುತ್ತಿದ್ದ ಎನ್‌ಜಿಇಎಫ್ ಕಾರ್ಖಾನೆಯಂತೂ 2002ರಲ್ಲಿ ಮುಚ್ಚಿಯೇ ಹೋಯಿತು. ಅದರ ಮೋಟಾರುಗಳು ನಾನು ಲೆಕ್ಕ ಬರೆದ ಕಾರ್ಖಾನೆಯಲ್ಲಿ ಅದಾದ ಎಷ್ಟೋ ವರ್ಷ ತಿರುಗುತ್ತಲೇ ಇದ್ದವು. ಆ ಶಬ್ದ ಕೇಳಿದಾಗಲೆಲ್ಲ ತಂದೆ ನೆನಪಾಗುತ್ತಿದ್ದರು.

ಐಟಿಐ ಕಥೆಯ ಪಕ್ಕದಲ್ಲೇ ಇನ್ನೊಂದು ಕಥೆಯನ್ನು ಇಡಬೇಕು. 1987ರಲ್ಲಿ ಇನ್‌ಫೆಂಟ್ರಿ ರಸ್ತೆಯ ಸಫೀನಾ ಪ್ಲಾಜಾದಲ್ಲಿ ಟೈಟಾನ್ ತನ್ನ ಮೊದಲ ಗಡಿಯಾರದ ಮಳಿಗೆ ತೆರೆಯಿತು. ಟಾಟಾ ಸಂಸ್ಥೆ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಸೇರಿ 1984ರಲ್ಲಿ ಹುಟ್ಟುಹಾಕಿದ ಕಂಪನಿ, ಕಾರ್ಖಾನೆ ಹೊಸೂರಿನಲ್ಲಿ. ಕಟ್ಟಿ ನಿಲ್ಲಿಸಿದವರು ಜೆರ್ಕ್ಸೆಸ್ ದೇಸಾಯಿ. ಕೀಲಿ ಕೊಡುವ ಎಚ್‌ಎಂಟಿ ಗಡಿಯಾರವೇ ಊರಿನ ಹೆಮ್ಮೆಯಾಗಿದ್ದ ಕಾಲದಲ್ಲಿ ಅವರು ಕ್ವಾರ್ಟ್ಜ್ ಗಡಿಯಾರಗಳನ್ನು ಗಾಜಿನ ಅಂದದ ಮಳಿಗೆಯಲ್ಲಿಟ್ಟರು. ಅಂಗಡಿಯಿಂದ ಮನೆಗೆ ಹೋಗುವಾಗ ನಾವೆಲ್ಲ ಅಲ್ಲಿ ನಿಂತು ನೋಡುತ್ತಿದ್ದೆವು.

ತೊಂಬತ್ತರ ದಶಕದ ನಡುವೆ ಅದೇ ಕಂಪನಿ ತನಿಷ್ಕ್ ಎಂಬ ಹೆಸರಿನಲ್ಲಿ ಒಡವೆಗೆ ಕೈಹಾಕಿತು. ಮೊದಲಿಗೆ 18 ಕ್ಯಾರೆಟ್ಟಿನ, ವಿದೇಶದ ರುಚಿಗೆ ಹತ್ತಿರವಾದ ಒಡವೆ. ನಮ್ಮ ಹೆಂಗಸರು ಒಪ್ಪಲಿಲ್ಲ. ಕಷ್ಟಕ್ಕೆ ಆಗಬೇಕಾದ ಚಿನ್ನ 22 ಕ್ಯಾರೆಟ್ಟೇ ಇರಬೇಕು ಎಂಬುದು ನಮ್ಮ ಅಜ್ಜಿಯರ ಲೆಕ್ಕ. ನಷ್ಟ ಏರುತ್ತಾ ಹೋಯಿತು. ಮುಚ್ಚಿಬಿಡೋಣ ಎಂಬ ಮಾತೂ ಎದ್ದಿತ್ತು. ಕಂಪನಿ 22 ಕ್ಯಾರೆಟ್ಟಿಗೆ ತಿರುಗಿತು, ವಿನ್ಯಾಸ ಬದಲಿಸಿತು, ಆಯಾ ಊರಿನ ಮದುವೆಯ ಒಡವೆಗಳನ್ನು ಕಲಿಯಿತು. ಹೀಗೆ ಹೆಚ್ಚುಕಡಿಮೆ ಎಲ್ಲವನ್ನೂ ಬದಲಿಸಿದವರು ಒಂದನ್ನು ಮಾತ್ರ ಬಿಡಲಿಲ್ಲ. ಮೇಲೆ ಎಷ್ಟು ಕ್ಯಾರೆಟ್ ಎಂದು ಬರೆದಿದೆಯೋ ಒಳಗೂ ಅಷ್ಟೇ ಇರಬೇಕು. ಕ್ಯಾರೆಟ್‌ಮೀಟರ್ ಎಂಬ ಯಂತ್ರವನ್ನು ಮಳಿಗೆಯಲ್ಲಿ ಎಲ್ಲರ ಕಣ್ಣೆದುರು ಇಟ್ಟರು. ಎಕ್ಸ್‌-ರೇ ಕಿರಣ ಹಾಯಿಸಿ, ಚಿನ್ನವನ್ನು ಕೆರೆಯದೆ ಕರಗಿಸದೆ, ಕೆಲವೇ ನಿಮಿಷದಲ್ಲಿ ಶುದ್ಧತೆ ಹೇಳುವ ಯಂತ್ರ. ಹಳೆಯ ಬಳೆ ತಂದು ಪರೀಕ್ಷಿಸಿಕೊಂಡವರಲ್ಲಿ ಎಷ್ಟೋ ಜನ, ತಾವು 22 ಎಂದು ನಂಬಿ ಕೊಂಡದ್ದು ಅಷ್ಟಿಲ್ಲ ಎಂದು ತಿಳಿದು ಕಂಗಾಲಾದರು. 19 ಕ್ಯಾರೆಟ್ಟಿಗಿಂತ ಮೇಲಿದ್ದ ಹಳೆಯ ಒಡವೆಗೆ ಅಷ್ಟೇ ತೂಕದ 22ರ ಒಡವೆಯನ್ನು, ಮಜೂರಿ ಮಾತ್ರ ಪಡೆದು ಕೊಡುವ ಯೋಜನೆಯನ್ನೂ ಕಂಪನಿ ಒಮ್ಮೆ ನಡೆಸಿತು.

ಬೇರೆಯವರ ಕಲಬೆರಕೆಗೆ ತಾನು ದುಡ್ಡು ತೆತ್ತಂತಾಯಿತಲ್ಲ ಎಂದು ಲೆಕ್ಕಿಗಳಾಗಿ ನನಗೆ ಮೊದಲು ಅನ್ನಿಸಿತ್ತು. ಆಮೇಲೆ ಅರ್ಥವಾಯಿತು. ಆ ಯಂತ್ರವನ್ನು ಗಿರಾಕಿಯ ಕಡೆಗೆ ತಿರುಗಿಸಿ ಇಟ್ಟವನು ತನ್ನ ಚಿನ್ನವನ್ನೂ ಅದರ ಕೆಳಗೆ ದಿನಾ ಇಟ್ಟಂತೆಯೇ. ಇನ್ನು ಒಂದು ದಿನವೂ ಅವನು ತಪ್ಪುವಂತಿಲ್ಲ. ದೇಶದಲ್ಲಿ ಚಿನ್ನದೊಡವೆಗೆ ಹಾಲ್‌ಮಾರ್ಕ್ ಕಡ್ಡಾಯವಾದದ್ದು 2021ರ ಜೂನ್‌ನಲ್ಲಿ, ಅದೂ ಮೊದಲು 256 ಜಿಲ್ಲೆಗಳಲ್ಲಿ. ಕಾನೂನು ಬರುವ ಎಷ್ಟೋ ವರ್ಷ ಮೊದಲೇ ಒಂದು ಸಂಸ್ಥೆ ತನಗೆ ತಾನೇ ಆ ಕಟ್ಟು ಹಾಕಿಕೊಂಡಿತ್ತು. ಇನ್ನೊಂದನ್ನೂ ಗಮನಿಸಿ. ದೇಸಾಯಿಯವರು 2002ರವರೆಗೆ, ಭಾಸ್ಕರ್ ಭಟ್ 2019ರವರೆಗೆ, ಸಿ.ಕೆ. ವೆಂಕಟರಾಮನ್ 2025ರವರೆಗೆ: ಸುಮಾರು ನಾಲ್ಕು ದಶಕಕ್ಕೆ ವ್ಯವಸ್ಥಾಪಕ ನಿರ್ದೇಶಕರು ಮೂವರೇ. ಎರಡನೆಯವರೂ ಮೂರನೆಯವರೂ ಆ ಕುರ್ಚಿಗೆ ಬರುವ ಮೊದಲು ಎಷ್ಟೋ ವರ್ಷ ಅದೇ ಕಂಪನಿಯೊಳಗೆ ದುಡಿದವರು. ಹಿಂದಿನವರು ಕೊಟ್ಟ ಮಾತು ಏನೆಂದು ಹೊಸಬರಿಗೆ ಯಾರೂ ಓದಿ ಹೇಳಬೇಕಿರಲಿಲ್ಲ.

ಇನ್ನು ಒಂದು ಸಣ್ಣ ಅಂಗಡಿಯ ಮಾತು. ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಮೆಟ್ರೊ ಕೆಲಸ ನಡೆದ ವರ್ಷಗಳು ಅಲ್ಲಿನ ವ್ಯಾಪಾರಿಗಳಿಗೆ ಬಹಳ ಕಷ್ಟದವು. ನಾನು ಲೆಕ್ಕ ನೋಡುತ್ತಿದ್ದ ಒಂದು ಸ್ಟೇಷನರಿ ಅಂಗಡಿಯ ಮುಂದೆ ತಗಡಿನ ಗೋಡೆ ಎದ್ದಿತ್ತು. ದಿನದ ವ್ಯಾಪಾರ ಮೂರರಲ್ಲೊಂದು ಪಾಲಿಗೆ ಇಳಿಯಿತು. ಅಂಗಡಿ ನಡೆಸುತ್ತಿದ್ದ ಅಕ್ಕ ಮಾತ್ರ ಬೆಳಗ್ಗೆ ಏಳೂವರೆಗೆ ಬಾಗಿಲು ತೆಗೆಯುವುದನ್ನು ಬಿಡಲಿಲ್ಲ. ಶಾಲೆಯ ಗಂಟೆಗೆ ಮೊದಲು ಗ್ರಾಫ್ ಹಾಳೆಯೋ ಭೂಪಟವೋ ಬೇಕೆಂದು ಓಡಿಬರುವ ಮಗು ಮುಚ್ಚಿದ ಬಾಗಿಲು ನೋಡಬಾರದು ಎಂಬುದು ಅವರ ಹಟ. ಕೆಲವು ದಿನ ಒಂದೇ ಮಗು ಬರುತ್ತಿತ್ತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗ ಆ ಅಂಗಡಿ ಇನ್ನೂ ಇತ್ತು.

ಕೊಡಬೇಕಾದ ಹಣದ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ನನ್ನ ಅನುಭವದಲ್ಲಿ ಸ್ಥಿರತೆ ಮೊದಲು ಬಿರುಕು ಬಿಡುವುದು ಅಲ್ಲೇ. ಸಣ್ಣ ಉದ್ದಿಮೆಗಳಿಗೆ ಮಾಲಿನ ಹಣವನ್ನು 45 ದಿನದೊಳಗೆ ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು 2006ರ ಕಾನೂನು ಹೇಳುತ್ತದೆ. ಆದರೂ ಕೊಡದವರು ಕೊಡಲಿಲ್ಲ. ತಡಮಾಡಿದರೆ ಆ ವರ್ಷ ಅದನ್ನು ಖರ್ಚೆಂದು ತೆರಿಗೆಯಲ್ಲಿ ತೋರಿಸುವಂತಿಲ್ಲ ಎಂದು ಆದಾಯ ತೆರಿಗೆ ಕಾಯಿದೆಗೇ ತಿದ್ದುಪಡಿ ತರಬೇಕಾಯಿತು. 2024ರ ಏಪ್ರಿಲ್‌ನಿಂದ ಅದು ಜಾರಿಗೆ ಬಂತು. ದೊಡ್ಡ ಕಟ್ಟಡಗಳಲ್ಲಿ ಕೂತು ಮೌಲ್ಯಗಳ ಬಗ್ಗೆ ಭಾಷಣ ಮಾಡುವವರು ತಮ್ಮ ಕಚೇರಿಗೆ ಕುಡಿಯುವ ನೀರಿನ ಕ್ಯಾನ್ ತರುವವನಿಗೆ ಎಷ್ಟನೇ ದಿನ ಹಣ ಕೊಡುತ್ತಿದ್ದೇವೆ ಎಂದು ಒಮ್ಮೆ ಲೆಕ್ಕಪತ್ರ ತರಿಸಿ ನೋಡಲಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಒಬ್ಬ ಮನುಷ್ಯನ ಸ್ಥಿರತೆ ಅವನ ಆಯುಸ್ಸು ದಾಟಿ ಉಳಿಯುವುದೂ ಉಂಟು. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಬಡತನದಲ್ಲಿ ಬೆಳೆದು ದಂಡಿನಲ್ಲಿ ವ್ಯಾಪಾರ ಮಾಡಿ ಮೇಲೆ ಬಂದವರು. ಈಗ ಹೈಕೋರ್ಟ್ ಇರುವ ಅಠಾರ ಕಚೇರಿಯ ಕಟ್ಟಡದ ಗುತ್ತಿಗೆ ಅವರದು. 1873ರಲ್ಲಿ ಬಡ ಮಕ್ಕಳಿಗೆಂದು ಶಾಲೆ ತೆರೆದರು. ವರ್ಷ ವರ್ಷ ದಾನ ಬರೆಯುವ ಬದಲು ಶಾಲೆಗೆಂದು ಆಸ್ತಿ ಬಿಟ್ಟು, ಧರ್ಮಸಂಸ್ಥೆ ಮಾಡಿಟ್ಟರು. ಅವರು 1910ರಲ್ಲಿ ತೀರಿಕೊಂಡರು. ಹಲಸೂರು ಕೆರೆಯ ಬಳಿ ಆರ್‌ಬಿಎಎನ್‌ಎಂ ಎಂದು ಅವರದೇ ಹೆಸರು ಹೊತ್ತ ಶಾಲೆ ಕಾಲೇಜುಗಳ ಮಕ್ಕಳು ಇವತ್ತೂ ಬೆಳಗ್ಗೆ ರಸ್ತೆ ದಾಟುತ್ತಾರೆ. ನಮ್ಮ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಓದಿದ್ದೂ ಅಲ್ಲೇ.

ಅವರ ವಿಷಯ ಹೇಳಿ ಮುಗಿಸುತ್ತೇನೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಅವರಿಗೆ ಎಂಬತ್ತು ದಾಟಿತ್ತು. ಅಂಗಡಿ ಪೂರ್ತಿ ಬಂದ್. ಏಪ್ರಿಲ್ ಎರಡನೇ ತಾರೀಖು ನನಗೆ ಫೋನ್ ಮಾಡಿದರು. “ಈ ಸಲ ಏಳಕ್ಕೆ ಪೂರ್ತಿ ಕೊಡೋಕೆ ಆಗಲ್ಲಮ್ಮ. ಅರ್ಧ ಏಳಕ್ಕೆ, ಉಳಿದರ್ಧ ಇಪ್ಪತ್ತಕ್ಕೆ. ಇವತ್ತೇ ಒಬ್ಬೊಬ್ಬರಿಗೂ ಹೇಳಿಬಿಡು. ಏಳರ ತನಕ ಕಾಯಿಸಿ ಹೇಳೋದು ಬೇಡ.” ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ದನಿ ಕುಗ್ಗಿದ್ದು ಕೇಳಿದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದೆ. ಯಾರೂ ಎದುರು ಮಾತಾಡಲಿಲ್ಲ. ಇಪ್ಪತ್ತನೇ ತಾರೀಖು ಉಳಿದರ್ಧ ಹೋಯಿತು.

ಅವರು ತೀರಿಕೊಂಡದ್ದು 2022ರಲ್ಲಿ, ಒಂದು ತಿಂಗಳ ಐದನೇ ತಾರೀಖು. ಆ ಹೊತ್ತಿಗೆ ಏಳು ಜನರ ಸಂಬಳ ಬ್ಯಾಂಕಿಗೇ ಹೋಗುತ್ತಿತ್ತು. ಇಬ್ಬರು ಹಳಬರು ಮಾತ್ರ ಕೈಗೇ ಕೊಡಿ ಎನ್ನುತ್ತಿದ್ದರು. ಸೂತಕದ ಮನೆ, ಅಂಗಡಿಗೆ ಬೀಗ. ಈ ತಿಂಗಳು ಆಮೇಲೆ ನೋಡೋಣ ಎಂದು ನಾನೂ ಅಂದುಕೊಂಡಿದ್ದೆ. ಏಳನೇ ತಾರೀಖು ಬೆಳಗ್ಗೆ ಒಂಬತ್ತಕ್ಕೆ ಮಗ ಫೋನ್ ಮಾಡಿ ಬರಹೇಳಿದ. ಹೋದಾಗ ತಲೆ ಬೋಳಿಸಿಕೊಂಡು, ಬಿಳಿ ಪಂಚೆಯಲ್ಲಿ ಅಂಗಡಿಯ ಮುಂದೆ ನಿಂತಿದ್ದ. ಶಟರನ್ನು ಸೊಂಟದ ಎತ್ತರಕ್ಕೆ ಮಾತ್ರ ಎತ್ತಿದ್ದ. ನಾವು ಬಗ್ಗಿ ಒಳಗೆ ಹೋದೆವು. ದೀಪ ಹಾಕಲಿಲ್ಲ. ಇಬ್ಬರು ಹಳಬರು ಆಗಲೇ ಬಂದು ಮೊಳೆಯ ಚೀಲಗಳ ಪಕ್ಕ ನಿಂತಿದ್ದರು. ಅವನು ಎಣಿಸಿ ಕೊಟ್ಟ, ಅವರು ಎಣಿಸದೆ ತೆಗೆದುಕೊಂಡರು. ನಾನು ಕಿರ್ದಿ ಬಿಚ್ಚಿ, ಶಟರಿನ ಕೆಳಗಿಂದ ಬರುತ್ತಿದ್ದ ಬೆಳಕಿಗೆ ಪುಟ ಹಿಡಿದು, ತಾರೀಖು ಹಾಕಿ ಮೊದಲ ಸಾಲು ಬರೆದೆ: ಸಂಬಳ.